ಹಾರುವ ಓತಿಗೆ ಅಡಿಕೆ ಮರದ ಸಾಕ್ಷಿ

ಜೂನ್ ತಿಂಗಳ ಮೂರನೆಯ ವಾರದಲ್ಲಿ ಕಾಸರಗೋಡಿನ ನಮ್ಮ ಕಡೆ ಹದಿನೈದು ಜನರನ್ನು ಒಂದು ಕೋಣೆಯೊಳಗೆ ಸೇರಿಸುವುದು ಸುಲಭವಲ್ಲ. ಮಳೆ ಹಿಡಿದುಕೊಂಡರೆ ಬಿಡುವುದಿಲ್ಲ. ಬಿಟ್ಟರೆ ಆ ಎರಡು ಗಂಟೆಯ ಹೊಳವಿನಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಬಿಟ್ಟು (ಸಿಂಪಡಿಸಿ) ಮುಗಿಸಬೇಕೆಂಬ ಅವಸರ ಎಲ್ಲರಿಗೂ ಇರುತ್ತದೆ. ಆದರೂ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಬದಿಯಲ್ಲಿರುವ ನಮ್ಮ ಪುಟ್ಟ ಗ್ರಂಥಾಲಯದಲ್ಲಿ ಈ ಸಲದ ವಾಚನ ವಾರದ ಒಂದು ಸಂಜೆ ಹದಿನೇಳು ಮಂದಿ ಸೇರಿದ್ದೆವು. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ. ಎನ್. ಪಣಿಕ್ಕರ್ ಅವರು ತೀರಿಕೊಂಡ ಜೂನ್ 19ನ್ನು ಈ ರಾಜ್ಯ 1996ರಿಂದ ವಾಚನ ದಿನವೆಂದು ಆಚರಿಸುತ್ತ ಬಂದಿದೆ. ಮಲಯಾಳದ ಗ್ರಂಥಶಾಲೆಗಳಂತೆ ನಮ್ಮ ಕನ್ನಡದ ವಾಚನಾಲಯಗಳೂ ಆ ವಾರ ಬಾಗಿಲಿಗೆ ಮಾವಿನ ಎಲೆ ಕಟ್ಟಿ, ಗೋವಿಂದ ಪೈ ಮತ್ತು ಕಯ್ಯಾರ ಕಿಞ್ಞಣ್ಣ ರೈಗಳ ಚಿತ್ರಗಳ ಧೂಳು ಒರೆಸಿ, ಓದಿನ ಮಹತ್ವದ ಬಗ್ಗೆ ಒಂದು ಭಾಷಣ ಏರ್ಪಡಿಸುತ್ತವೆ. ಆ ಭಾಷಣವನ್ನು ನಾನೇ ಆರು ಸಲ ಮಾಡಿದ್ದೇನೆ. ಏಳನೆಯ ಸಲಕ್ಕೆ ಕೇಳುವವರು ಉಳಿಯಲಿಕ್ಕಿಲ್ಲ ಎಂಬುದು ನಮ್ಮ ಗ್ರಂಥಾಲಯದ ಕಾರ್ಯದರ್ಶಿಗೆ ನನಗಿಂತ ಮೊದಲೇ ಹೊಳೆದಿತ್ತು.

ಅವರು ಹೂಡಿದ ಉಪಾಯ ಹೀಗಿತ್ತು. ಎಲ್ಲರೂ ಒಂದೇ ಕಾದಂಬರಿಯನ್ನು ಎಂದಾದರೂ ಓದಿರಬೇಕು, ಅಥವಾ ಓದಿಸಿ ಕೇಳಿರಬೇಕು. ಬಂದವರು ಅದರಿಂದ ತಮಗೆ ಮರೆಯಲಾಗದ ಒಂದು ಸಾಲನ್ನು, ಒಂದೇ ಒಂದು ಸಾಲನ್ನು, ಪುಸ್ತಕ ನೋಡದೆ ನೆನಪಿನಿಂದ ಹೇಳಬೇಕು. ಆರಿಸಿದ್ದು 1980ರಲ್ಲಿ ಪ್ರಕಟವಾದ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿಯೊಂದನ್ನು ಹುಡುಕಿಕೊಂಡು ವಿಜ್ಞಾನಿಯೊಬ್ಬರ ಜೊತೆ ಕಾಡಿಗೆ ಹೊರಡುವ ತಂಡದ ಆ ಕಥೆಯನ್ನು ಕನ್ನಡ ಓದುವವರಿಗೆ ಮತ್ತೆ ವಿವರಿಸುವ ಅಗತ್ಯವಿಲ್ಲ. ವಿಜ್ಞಾನವನ್ನು ಬೆನ್ನೆಲುಬಾಗಿ ಇರಿಸಿಕೊಂಡು, ಆದರೆ ವಿಜ್ಞಾನದ ಪಾಠವಾಗದೆ ಉಳಿದ ಕನ್ನಡ ಕಾದಂಬರಿಗಳನ್ನು ಎಣಿಸಹೊರಟರೆ ಮೊದಲ ಬೆರಳಿಗೇ ಬರುವ ಹೆಸರು ಅದು. ಗ್ರಂಥಾಲಯದ ಒಂದೇ ಪ್ರತಿಯನ್ನು ಮುಚ್ಚಿ ಮೇಜಿನ ಮೇಲೆ ಇಡಲಾಗಿತ್ತು. ಹೇಳಿದ ಸಾಲು ಪುಸ್ತಕದಲ್ಲಿ ನಿಜವಾಗಿಯೂ ಇದೆಯೇ ಎಂದು ಕೊನೆಯಲ್ಲಿ ತಾಳೆ ನೋಡುವ ಕೆಲಸ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದವನೆಂಬ ಕಾರಣಕ್ಕೆ ನನ್ನ ಪಾಲಿಗೆ ಬಂತು. ಅದು ಅಂಥ ಗೌರವದ ಕೆಲಸವೇನೂ ಅಲ್ಲವೆಂಬುದು ಸಂಜೆ ಮುಗಿಯುವ ಹೊತ್ತಿಗೆ ನನಗೆ ಮನವರಿಕೆಯಾಯಿತು.

ಮೊದಲು ಮಾತಾಡಿದ ಏಳು ಮಂದಿಯಲ್ಲಿ ಐವರು ಕೊನೆಯ ಅಧ್ಯಾಯವನ್ನೇ ಹಿಡಿದುಕೊಂಡು ಬಂದಿದ್ದರು. ಅಷ್ಟು ದೂರ ಹುಡುಕಿಕೊಂಡು ಹೋದ ಪ್ರಾಣಿ ಕಣ್ಣಿಗೆ ಬಿದ್ದೂ ಕೈಗೆ ಸಿಗದೆ ಪ್ರಪಾತದ ಕಡೆಗೆ ತೇಲಿಹೋಗುವ ಆ ಗಳಿಗೆಯನ್ನು ಓದಿದವರು ಮರೆಯುವುದು ಸಾಧ್ಯವಿಲ್ಲವಾದ್ದರಿಂದ ಇದರಲ್ಲಿ ಆಶ್ಚರ್ಯವಿರಲಿಲ್ಲ. ಆಶ್ಚರ್ಯವಾದದ್ದು ಐವರೂ ಐದು ಸಾಲುಗಳನ್ನು ಹೇಳಿದ್ದರಲ್ಲಿ. ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರ ಸಾಲಿನಲ್ಲಿ ಓತಿ ಒಮ್ಮೆ ತಿರುಗಿ ನೋಡುತ್ತದೆ. ಇನ್ನೊಬ್ಬರ ಸಾಲಿನಲ್ಲಿ ಅದು ಮಂಜಿನೊಳಗೆ ಕರಗುತ್ತದೆ. ಅಂಗನವಾಡಿಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಓತಿಯ ಬಗ್ಗೆ ಏನೂ ಹೇಳದೆ, ಅದನ್ನು ನೋಡುತ್ತ ನಿಂತವರ ಮೌನದ ಬಗ್ಗೆ ಒಂದು ಸಾಲು ಹೇಳಿದರು, ಅದು ಬಹಳ ಚೆನ್ನಾಗಿತ್ತು. ನಾನು ಆಗಲೇ ಪುಟದ ತುದಿಯಲ್ಲಿ ಅದನ್ನು ಬರೆದುಕೊಂಡೆ. ನಾಲ್ಕನೆಯವರದು ಮತ್ತು ಐದನೆಯವರದು ಕ್ರಿಯಾಪದದ ಜಗಳವಾಯಿತು. ಒಬ್ಬರು ‘ಹಾರಿತು’ ಎಂದರು. ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕರೊಬ್ಬರು, ಅದು ಹಾರುವುದಿಲ್ಲ, ಹಾರುವುದಕ್ಕೆ ರೆಕ್ಕೆ ಬಡಿಯಬೇಕು, ಇದು ಎತ್ತರವನ್ನು ಖರ್ಚು ಮಾಡುತ್ತ ಓರೆಯಾಗಿ ಇಳಿಯುತ್ತದೆ ಅಷ್ಟೇ, ಆದ್ದರಿಂದ ವಿಜ್ಞಾನ ಬಲ್ಲ ಲೇಖಕರು ‘ತೇಲಿತು’ ಎಂದೇ ಬರೆದಿರಬೇಕು ಎಂದು ಪಟ್ಟು ಹಿಡಿದರು. ಹೆಸರೇ ಹಾರುವ ಓತಿ ಎಂದಿರುವಾಗ ಅದು ಹಾರದೆ ಇನ್ನೇನು ಮಾಡುತ್ತದೆ ಎಂಬ ಮರುಪ್ರಶ್ನೆಗೆ ಅವರ ಬಳಿ ಉತ್ತರವಿತ್ತಾದರೂ ಚಹಾ ಬಂದುಬಿಟ್ಟಿತು.

ಇತರ ಇಬ್ಬರು ಪಡ್ಡೆ ಹುಡುಗರು. ಅವರಿಗೆ ನೆನಪಿದ್ದದ್ದು ಬಿರ್ಯಾನಿ ಕರಿಯಪ್ಪ ಮತ್ತು ಕಿವಿ ಎಂಬ ನಾಯಿ. ಅವರು ಹೇಳಿದ್ದರಲ್ಲಿ ಸಾಲು ಎನ್ನಬಹುದಾದದ್ದು ಏನೂ ಇರಲಿಲ್ಲ, ಆದರೆ ಸಭೆ ನಕ್ಕದ್ದು ಆಗಲೇ.

ಎಂಟನೆಯವರಾಗಿ ಎದ್ದು ನಿಂತವರನ್ನು ನಾನು ಅಲ್ಲಿ ನಿರೀಕ್ಷಿಸಿರಲಿಲ್ಲ. ನಮ್ಮ ಸುತ್ತಮುತ್ತಲಿನ ತೋಟಗಳಲ್ಲಿ ಮೂವತ್ತು ವರ್ಷಗಳಿಂದ ಅಡಿಕೆ ಕೊಯ್ಯುವ, ಮಳೆಗಾಲದಲ್ಲಿ ಮದ್ದು ಬಿಡುವ ಕೆಲಸ ಮಾಡುತ್ತಿರುವ ಅವರು ಡಿಗ್ರಿ ಓದುವ ಮಗಳನ್ನು ಸ್ಕೂಟರಿನಲ್ಲಿ ಕರೆತಂದವರು, ಮಳೆ ಜೋರಾದ್ದರಿಂದ ಒಳಗೆ ಬಂದು ಕಿಟಕಿಯ ಬಳಿ ಕುಳಿತಿದ್ದರು. ಹಿಂದಿನ ರಾತ್ರಿ ಮಗಳು ಕಾದಂಬರಿಯ ಕೊನೆಯ ಭಾಗವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದ್ದಳಂತೆ. ಹಾಗಾಗಿ ನಿಯಮದ ಪ್ರಕಾರ ಅವರಿಗೂ ಮಾತಾಡುವ ಹಕ್ಕಿದೆ ಎಂದು ಕಾರ್ಯದರ್ಶಿ ಒತ್ತಾಯಿಸಿದಾಗ ಅವರು ತುಳುವಿನಲ್ಲೇ ಕೇಳಿದ್ದು ಇಷ್ಟು: ನಮ್ಮ ತೋಟದಲ್ಲಿ ದಿನವೂ ಕಾಣುವ ಓಂತಿಗಾಗಿ ಅವರು ಅಷ್ಟು ದೂರದ ಕಾಡಿಗೆ ಯಾಕೆ ಹೋದರು?

ಸಭೆ ಮತ್ತೊಮ್ಮೆ ನಕ್ಕಿತು, ಆದರೆ ಈ ನಗೆ ಬೇಗ ನಿಂತಿತು, ಏಕೆಂದರೆ ಪ್ರಶ್ನೆ ನ್ಯಾಯವಾದದ್ದು. ಕಾದಂಬರಿಯೊಳಗೆ ಹಾರುವ ಓತಿ ಕೋಟ್ಯಂತರ ವರ್ಷಗಳ ಆಚೆಯಿಂದ ಹೇಗೋ ಉಳಿದುಬಂದ, ಕಂಡವರಿಲ್ಲದ, ಕಂಡೆನೆಂದರೆ ನಂಬುವವರಿಲ್ಲದ ಜೀವಿ. ಮೂಡಿಗೆರೆಯ ಮಲೆನಾಡಿನಲ್ಲಿ ಕೂತು ಓದುವವರಿಗೆ ಅದು ಹೇಗೆ ಕಾಣುತ್ತದೆಯೋ ತಿಳಿಯದು. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯಗಳಿಂದ ಹಿಡಿದು ನಮ್ಮ ಬದಿಯಡ್ಕ, ಮುಳ್ಳೇರಿಯದ ತನಕ ಅಡಿಕೆ ತೋಟವಿರುವ ಮನೆಗಳಲ್ಲಿ ಅದನ್ನು ನೋಡದೆ ದೊಡ್ಡವರಾದ ಮಕ್ಕಳು ಕಡಿಮೆ. ದಕ್ಷಿಣ ಭಾರತದಲ್ಲಿರುವ ಹಾರುವ ಓತಿಯ ಪ್ರಭೇದ ಒಂದೇ. 1837ರಲ್ಲಿ ಫ್ರಾನ್ಸಿನ ಇಬ್ಬರು ಪ್ರಾಣಿಶಾಸ್ತ್ರಜ್ಞರು ಅದಕ್ಕೆ ಇಟ್ಟ ‘ಡ್ರಾಕೊ ದುಸ್ಸುಮಿಯೆರಿ’ ಎಂಬ ಹೆಸರಿನಲ್ಲಿರುವ ದುಸ್ಸುಮಿಯೆ ಎಂಬಾತ ಹಡಗಿನ ವ್ಯಾಪಾರಿ, ಪ್ರಾಣಿಗಳ ಮಾದರಿಗಳನ್ನು ಸಂಗ್ರಹಿಸುತ್ತ ಮಲಬಾರಿನ ಕರಾವಳಿಗೂ ಬಂದವನು. ಹೆಸರು ಪ್ಯಾರಿಸ್ಸಿನದಾದರೂ ಪ್ರಾಣಿ ನಮ್ಮ ಪಶ್ಚಿಮ ಘಟ್ಟದ್ದು, ಘಟ್ಟದಿಂದ ಇಳಿದು ನಮ್ಮ ತೋಟದಲ್ಲಿ ನೆಲೆ ನಿಂತದ್ದು.

ಅದಕ್ಕೆ ಅಡಿಕೆ ತೋಟ ಇಷ್ಟವಾಗಿರುವುದರ ಕಾರಣವನ್ನು ತೋಟದ ನಡುವೆ ಹತ್ತು ನಿಮಿಷ ನಿಂತರೆ ಯಾರೂ ಊಹಿಸಬಹುದು. ಕಾಡಿನಲ್ಲಿ ಮರದಿಂದ ಮರಕ್ಕೆ ತೇಲಬೇಕಾದರೆ ನಡುವೆ ಕೊಂಬೆ, ಬಳ್ಳಿ, ಪೊದೆಗಳ ಅಡ್ಡಿ. ಇಲ್ಲಿ ಕೊಂಬೆಯೇ ಇಲ್ಲದ ನೇರ ಕಾಂಡಗಳು, ನಮ್ಮ ಜಿಲ್ಲೆಯ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಲೆಕ್ಕದಂತೆ ಸುಮಾರು 9 ಅಡಿಗೊಂದರಂತೆ ಸಾಲಾಗಿ ನಿಂತಿರುತ್ತವೆ. ಕಾಂಡದ ಮೇಲೆ ಅದರ ಮುಖ್ಯ ಆಹಾರವಾದ ಇರುವೆಗಳ ಮೆರವಣಿಗೆ. ಕಲ್ಲುಹೂವಿನ ಬಿಳಿ, ಬೂದು ಮಚ್ಚೆಗಳಿರುವ ಆ ಕಾಂಡಕ್ಕೆ ಅದು ಅಂಟಿಕೊಂಡಿದ್ದರೆ ಒಂದು ಗೇಣಿನ ಪ್ರಾಣಿಯೂ ಕಣ್ಣಿಗೆ ಕಾಣುವುದಿಲ್ಲ. ಇರುವೆ ಹೆಕ್ಕುತ್ತ ಮೇಲೇರುತ್ತದೆ, ಸಾಕಷ್ಟು ಎತ್ತರ ಸಿಕ್ಕ ಮೇಲೆ ಪಕ್ಕದ ಮರದ ಬುಡದತ್ತ ತೇಲುತ್ತದೆ, ಅಲ್ಲಿಂದ ಮತ್ತೆ ಮೇಲಕ್ಕೆ. ಗಂಡು ಗಂಟಲಿನ ಕೆಳಗಿನ ಹಳದಿ ಚೀಲವನ್ನು ಬಾವುಟದಂತೆ ಬಿಚ್ಚಿ ಮುಚ್ಚಿ ಮಾಡುವಾಗ ಮಾತ್ರ ಇಗೋ ಇಲ್ಲಿದೆ ಎಂದು ತಿಳಿಯುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಮಣ್ಣಿನಲ್ಲಿ ಸಣ್ಣ ಗುಳಿ ತೋಡಿ ಮೊಟ್ಟೆ ಇಡುವುದಕ್ಕೆ. ಇದಿಷ್ಟೂ ನಮಗೆ ಗೊತ್ತಿದ್ದದ್ದು, ಮತ್ತು ಗೊತ್ತಿದ್ದದ್ದರಿಂದಲೇ ಅದನ್ನು ಒಂದು ಸಂಗತಿಯೆಂದು ನಾವು ಗಣಿಸಿರಲಿಲ್ಲ.

ಭಾಷೆಯ ವಿಷಯವೂ ಆಗ ಎದ್ದಿತು. ಕಾದಂಬರಿಯ ‘ಓತಿ’ ಘಟ್ಟದ ಮೇಲಿನ ಕನ್ನಡದ ಮಾತು. ನಮ್ಮ ಮನೆಯ ಹವ್ಯಕ ಕನ್ನಡದಲ್ಲಿಯೂ ನೆರೆಯ ತುಳುವಿನಲ್ಲಿಯೂ ಅದು ‘ಓಂತಿ’. ಮಲಯಾಳ ಮನೆಮಾತಿನ, ಕನ್ನಡ ಶಾಲೆಯಲ್ಲಿ ಓದಿದ ಅಧ್ಯಾಪಕಿಯೊಬ್ಬರು ತಮ್ಮಲ್ಲಿ ಅದು ‘ಓಂದ್’, ಹಾರುವಂಥದ್ದು ‘ಪರಯೋಂದ್’ ಎಂದರು. ಶಾಲೆಯಲ್ಲಿ ಓದುವಾಗ ಓತಿ ಎಂದರೆ ಏನೋ ಬೇರೆಯೇ ಪ್ರಾಣಿಯೆಂದುಕೊಂಡು ಕಾದಂಬರಿಯ ಅರ್ಧದವರೆಗೂ ಬಂದಿದ್ದೆನೆಂದೂ, ಅದು ತನ್ನ ಮನೆಯ ಹಿತ್ತಿಲಿನ ಪರಯೋಂದ್ ಎಂದು ಗೊತ್ತಾದ ದಿನ ಸ್ವಲ್ಪ ಬೇಸರವೇ ಆಯಿತೆಂದೂ ಅವರು ಒಪ್ಪಿಕೊಂಡರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆ ಓದುವವರಿಗೂ ಅನ್ವಯಿಸುತ್ತದೆ.

ಆದರೆ ಕೊಯ್ಲಿನವರು ಇನ್ನೂ ಕುಳಿತಿರಲಿಲ್ಲ. ತಮಗೆ ಸಾಲು ಗೀಲು ಗೊತ್ತಿಲ್ಲ, ಆದರೆ ಅದು ತೇಲುವ ರೀತಿಯನ್ನು ಪುಸ್ತಕದಲ್ಲಿ ಇನ್ನಷ್ಟು ಬರೆಯಬಹುದಿತ್ತು ಎಂದು ಅವರು ಹೇಳಿದರು. ಏನು ಬರೆಯಬಹುದಿತ್ತು ಎಂದು ಅಧ್ಯಾಪಕರು ಕೇಳಿದಾಗ ಅವರು ಎರಡೂ ಕೈಗಳನ್ನು ಬದಿಗೆ ಚಾಚಿ, ಆಮೇಲೆ ಹಿಂದಕ್ಕೆ ತಂದು, ಉಟ್ಟ ಮುಂಡಿನ ಅಂಚನ್ನು ಎರಡು ಬದಿಯಿಂದ ಹಿಡಿದು ತೋರಿಸಿದರು: ಹೊಳೆ ದಾಟುವಾಗ ನಾವು ಮುಂಡಿನ ಅಂಚು ಹಿಡಿದುಕೊಳ್ಳುವ ಹಾಗೆ ಅದು ತೇಲುವಾಗ ತನ್ನ ರೆಕ್ಕೆಯ ಅಂಚನ್ನು ಕೈಯಲ್ಲಿ ಹಿಡಿದುಕೊಳ್ಳುತ್ತದೆ, ಮರ ಮುಟ್ಟುವುದಕ್ಕೆ ಸ್ವಲ್ಪ ಮೊದಲು ಬಿಡುತ್ತದೆ.

ಅಧ್ಯಾಪಕರು ಒಪ್ಪಲಿಲ್ಲ. ತಾವು ಕಲಿತದ್ದೂ ಕಲಿಸಿದ್ದೂ ಬೇರೆ ಎಂದು ಅವರು ಸೌಜನ್ಯದಿಂದಲೇ ವಿವರಿಸಿದರು. ಹಾರುವ ಓತಿಯ ರೆಕ್ಕೆ ಹಕ್ಕಿಯ ರೆಕ್ಕೆಯಂತೆ ಕೈಯಿಂದಾದದ್ದಲ್ಲ, ಬಾವಲಿಯ ರೆಕ್ಕೆಯಂತೆ ಬೆರಳುಗಳಿಂದಾದದ್ದೂ ಅಲ್ಲ. ಉದ್ದಕ್ಕೆ ಬೆಳೆದ ಕೆಲವು ಪಕ್ಕೆಲುಬುಗಳು ಕೊಡೆಯ ಕಡ್ಡಿಗಳಂತೆ ಹೊರಕ್ಕೆ ಬಿಚ್ಚಿಕೊಂಡು ಅವುಗಳ ಮೇಲಿನ ತೊಗಲನ್ನು ಹರಡುತ್ತವೆ. ಕೈಗಳಿಗೂ ಅದಕ್ಕೂ ಸಂಬಂಧವಿಲ್ಲ, ಕೈಗಳು ಮರ ಹಿಡಿಯುವುದಕ್ಕೆಂದು ಬಿಡುವಾಗಿರುವುದೇ ಈ ರಚನೆಯ ವಿಶೇಷ. ಅದಕ್ಕೆ ಕೊಯ್ಲಿನವರು, ಇರಬಹುದು, ನೀವು ಓದಿದವರು ಎಂದು ಕುಳಿತರು. ಆ ತೋಟದಲ್ಲಿ ತಳೆ ಕಾಲಿಗೆ ಹಾಕಿ ತುದಿ ಏರಿ, ಇಳಿಯದೆ ಮರದಿಂದ ಮರಕ್ಕೆ ಬಾಗಿ ಹಾಯುವ ಕಾಲದಲ್ಲಿ ಅದು ತಮ್ಮ ಮೊಣಕೈಯ ಬದಿಯಿಂದಲೇ ಎಷ್ಟೋ ಸಲ ಹಾರಿದೆಯೆಂದೂ, ಈಗ ನೆಲದಲ್ಲಿ ನಿಂತು ಫೈಬರ್ ದೋಟಿಯಲ್ಲಿ ಮದ್ದು ಬಿಡುವುದರಿಂದ ಹೊಟ್ಟೆ ಮಾತ್ರ ಕಾಣುತ್ತದೆಯೆಂದೂ ಕುಳಿತ ಮೇಲೆ ಬದಿಯವರಿಗೆ ಹೇಳಿದ್ದು ನನಗೂ ಕೇಳಿಸಿತು. ಓತಿಕ್ಯಾತಕ್ಕೆ ಬೇಲಿಯ ಗೂಟ ಸಾಕ್ಷಿ ಎಂದು ಯಾರೋ ಹಿಂದಿನಿಂದ ತಮಾಷೆ ಮಾಡಿದರು. ನಾನೂ ನಕ್ಕೆ. ಈಗ ಬರೆಯುವಾಗ ಆ ನಗೆಯನ್ನು ಮುಚ್ಚಿಡುವುದು ಸರಿಯಲ್ಲ.

ಆ ರಾತ್ರಿ ಹತ್ತು ಗಂಟೆಗೆ ಅವರ ಮಗಳು ನನ್ನ ವಾಟ್ಸ್ಆ್ಯಪಿಗೆ ಒಂದು ಸಂಶೋಧನಾ ಪ್ರಬಂಧವನ್ನು ಕಳುಹಿಸಿದಳು. 2017ರಲ್ಲಿ ಪ್ರಕಟವಾದದ್ದು, ಜರ್ಮನಿಯ ಪ್ರಾಣಿಶಾಸ್ತ್ರಜ್ಞರೊಬ್ಬರು ನಮ್ಮ ಪಶ್ಚಿಮ ಘಟ್ಟದ ಇದೇ ಪ್ರಭೇದದ ಹಾರಾಟವನ್ನು ಛಾಯಾಚಿತ್ರಗಳಲ್ಲಿ ಹಿಡಿದು ಬರೆದದ್ದು. ಅದರ ಮುಖ್ಯ ಶೋಧವನ್ನು ಒಂದು ಮಾತಿನಲ್ಲಿ ಹೇಳಬಹುದು: ಜಿಗಿದ ಮೇಲೆ ಹಾರುವ ಓತಿ ಮುಂಗಾಲುಗಳನ್ನು ಹಿಂದಕ್ಕೆ ತಂದು ಹರಡಿದ ತೊಗಲಿನ ಮುಂದಂಚನ್ನು ಹಿಡಿದುಕೊಳ್ಳುತ್ತದೆ, ತೇಲುವಷ್ಟು ಹೊತ್ತೂ ಹಿಡಿದಿರುತ್ತದೆ, ಇಳಿಯುವ ಮೊದಲು ಬಿಡುತ್ತದೆ. ಕೈಗಳಿಗೂ ರೆಕ್ಕೆಗೂ ಸಂಬಂಧವಿಲ್ಲವೆಂದು ಅಲ್ಲಿಯವರೆಗೆ ತಿಳಿಯಲಾಗಿತ್ತು ಎಂಬುದೂ ಅದರಲ್ಲಿತ್ತು, ಆದ್ದರಿಂದ ಅಧ್ಯಾಪಕರನ್ನು ತಪ್ಪಿತಸ್ಥರೆನ್ನುವಂತಿಲ್ಲ. ನಾನು ಅದನ್ನು ಅವರಿಗೆ ಕಳುಹಿಸಿದೆ. ಮರುದಿನ ಬೆಳಿಗ್ಗೆ ಅವರು ಕೊಡೆ ಹಿಡಿದು ಕೊಯ್ಲಿನವರ ಮನೆಗೇ ಹೋಗಿ ಹೇಳಿ ಬಂದರಂತೆ.

ಒಂದು ಗುಮಾನಿ ನನ್ನಲ್ಲಿ ಉಳಿದಿತ್ತು. ಕಣ್ಣುಮುಚ್ಚಿ ತೆಗೆಯುವುದರೊಳಗೆ ಮುಗಿದುಹೋಗುವ ಹಾರಾಟದಲ್ಲಿ ಅಂಗೈಯ ಅಗಲದ ತೊಗಲಿನ ಅಂಚನ್ನು ಹಿಡಿದ ಪುಟ್ಟ ಬೆರಳುಗಳು ಬರಿಗಣ್ಣಿಗೆ ಕಂಡಾವೇ? ಮಗಳು ಮೊದಲೇ ಆ ಪ್ರಬಂಧ ಓದಿ ಮನೆಯಲ್ಲಿ ಹೇಳಿರಬಹುದಲ್ಲವೇ? ಅವಳನ್ನು ಕೇಳಿಯೂಬಿಟ್ಟೆ. ಅಪ್ಪ ಇದನ್ನು ನಾನು ಎರಡನೆಯ ತರಗತಿಯಲ್ಲಿರುವಾಗಿನಿಂದ ಹೇಳುತ್ತಿದ್ದಾರೆ, ನಾನೇ ನಂಬಿರಲಿಲ್ಲ, ನಂಬದ ಕಾರಣಕ್ಕೇ ನಿನ್ನೆ ಹುಡುಕಿದೆ ಎಂದಳು.

ಮತ್ತೆ ಆ ಸಂಜೆಗೆ ಬರುತ್ತೇನೆ. ಕೊಯ್ಲಿನವರ ನಂತರ ಮಾತಾಡಿದ ಹೆಚ್ಚಿನವರು ಮಂದಣ್ಣನ ಕಡೆಗೆ ತಿರುಗಿದ್ದು ಸಹಜವೇ ಆಗಿತ್ತು. ಓದು ತಲೆಗೆ ಹತ್ತದ, ಊರಿನವರು ದಡ್ಡನೆಂದು ತೀರ್ಮಾನಿಸಿದ ಆ ಹುಡುಗನಲ್ಲಿ ಕರ್ವಾಲೊ ಎಂಬ ವಿಜ್ಞಾನಿ ಒಬ್ಬ ಹುಟ್ಟಾ ಪ್ರಕೃತಿವೀಕ್ಷಕನನ್ನು ಕಾಣುತ್ತಾರೆ. ಆ ಮಾತನ್ನು ಕೇಳಿದಾಗ ಕಥೆ ಹೇಳುವವನಿಗೆ ಆಗುವ ಗಲಿಬಿಲಿ ಓದುವ ನಮಗೂ ಆಗುತ್ತದೆ. ಮೂವರು ಇದೇ ಸಂದರ್ಭದ ಸಾಲುಗಳನ್ನು ಹೇಳಿದರು. ಎರಡನ್ನು ನಾನು ಮರೆತಿದ್ದೇನೆ. ಮೂರನೆಯದನ್ನು ಹೇಳಿದವರು ಎಣ್ಮಕಜೆ ಪಂಚಾಯತಿನ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದ ಮಹಿಳೆ.

ಅವರು ಹೇಳಿದ ಸಾಲು ಕರ್ವಾಲೊ ಅವರ ಬಾಯಿಯ ಮಾತೆಂದೇ ಅವರ ನಂಬಿಕೆ: ಮಂದಣ್ಣ ಹೇಳಿದ್ದನ್ನು ಮೊದಲು ಬರೆದುಕೊಳ್ಳಿ, ನಂಬುವುದು ಬಿಡುವುದು ಆಮೇಲೆ. ಆ ಸಾಲನ್ನು ಯಾಕೆ ನೆನಪಿಟ್ಟುಕೊಂಡೆ ಎಂಬುದನ್ನು ಅವರು ಕುಳಿತಲ್ಲಿಂದಲೇ, ಧ್ವನಿ ಏರಿಸದೆ ಹೇಳಿದರು. ಅವರ ತಂದೆ ಜೇನು ಸಾಕುತ್ತಿದ್ದರು. ಗುಡ್ಡದ ಮೇಲೆ ಸರಕಾರಿ ನಿಗಮವೊಂದರ ಗೇರು ತೋಟ. ಗೇರು ಚಿಗುರನ್ನು ಹೀರುವ ಟೀ ಸೊಳ್ಳೆಯ ಕಾಟಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಗುಡ್ಡಗಳಲ್ಲಿ ಅದೂ ಒಂದು. ಸಿಂಪಡಿಸುವ ಮೊದಲು ಬಾವಿಗಳನ್ನು ಮುಚ್ಚಿಕೊಳ್ಳಿ ಎಂದು ಹೇಳಿ ಹೋಗುತ್ತಿದ್ದರು. ಆದರೆ ನಮ್ಮ ಗುಡ್ಡಗಳಲ್ಲಿ ಕುಡಿಯುವ ನೀರು ಬರುವುದು ಬಾವಿಯಿಂದ ಮಾತ್ರವಲ್ಲ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ, ಅಲ್ಲಿಂದ ಇಳಿದು ಬರುವ ತೋಡಿನಿಂದ. ತೋಡನ್ನು ಯಾವ ಗೋಣಿಯಿಂದ ಮುಚ್ಚುವುದು? ಸಿಂಪಡಣೆಯ ಮರುದಿನ ತಂದೆಯವರ ಜೇನುಪೆಟ್ಟಿಗೆಗಳ ಮುಂದೆ ಸತ್ತ ನೊಣಗಳನ್ನು ಗುಡಿಸಿ ತೆಗೆಯುತ್ತಿದ್ದದ್ದು ಅವರ ಬಾಲ್ಯದ ಕೆಲಸಗಳಲ್ಲೊಂದು. ಇದನ್ನು ತಂದೆ ಹೇಳಬೇಕಾದವರಿಗೆಲ್ಲ ಹೇಳಿದ್ದರು. ಜೇನುನೊಣ ಬೇರೆ ಕಾರಣಕ್ಕೂ ಸಾಯುತ್ತದೆ ಎಂಬ ಉತ್ತರ ಒಂದು ಕಚೇರಿಯಿಂದ ಬಾಯಿಮಾತಿನಲ್ಲಿ ಸಿಕ್ಕಿತ್ತು. ಆಮೇಲೆ ಕರುಗಳ, ಆಮೇಲೆ ಮಕ್ಕಳ ಸರದಿ ಬಂದಾಗ ಸಮಿತಿಗಳ ಮೇಲೆ ಸಮಿತಿಗಳು ಬಂದವು, ಒಂದರ ವರದಿ ಇನ್ನೊಂದರ ವರದಿಗೆ ಹೊಂದಲಿಲ್ಲ, ಸುಪ್ರೀಂ ಕೋರ್ಟು ದೇಶಾದ್ಯಂತ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ತಂದೆ ಇರಲಿಲ್ಲ.

ಕೇಳಿದವರಲ್ಲಿ ಯಾರೂ ಏನೂ ಹೇಳಲಿಲ್ಲ. ಕಾರ್ಯದರ್ಶಿ ಮುಂದಿನವರನ್ನು ಕರೆಯಲು ಸ್ವಲ್ಪ ಹೊತ್ತು ಬಿಟ್ಟರು. ನಾನು ಮಾತ್ರ ಒಂದು ವಿಷಯವನ್ನು ಯೋಚಿಸುತ್ತಿದ್ದೆ. ಕಾದಂಬರಿಯಲ್ಲಿ ಜೇನು ಬರುತ್ತದೆ, ಮಂದಣ್ಣ ಜೇನಿನ ಕೆಲಸ ಬಲ್ಲವನು, ಆ ಭಾಗಗಳನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ನಗುತ್ತ ಓದಿದ್ದೇನೆ. ಇದೇ ಪುಟಗಳನ್ನು ಹದಿನೈದು ಕಿಲೋಮೀಟರು ಆಚೆಯ ಒಂದು ಮನೆಯಲ್ಲಿ ಹೀಗೂ ಓದಿದ್ದಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಕರ್ವಾಲೊ ಅಂಥ ವಿಜ್ಞಾನಿ ಬರೀ ಕಥೆಯಲ್ಲಿ ಇರುತ್ತಾರೆಯೇ ಎಂದು ಆ ಮಹಿಳೆ ಕೊನೆಯಲ್ಲಿ ಕೇಳಿದರು. ಅದು ಉತ್ತರ ಬಯಸಿದ ಪ್ರಶ್ನೆಯಾಗಿರಲಿಲ್ಲ.

ಕೊನೆಯ ಸರದಿ ನನ್ನದು. ನಾನು ತಯಾರಾಗಿ ಬಂದಿದ್ದೆ, ಅಥವಾ ತಯಾರಾಗುವ ಅಗತ್ಯವೇ ಇಲ್ಲವೆಂದುಕೊಂಡಿದ್ದೆ, ಏಕೆಂದರೆ ನನ್ನ ಸಾಲನ್ನು ನಾನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ತರಗತಿಗಳಲ್ಲಿ ಹೇಳುತ್ತ ಬಂದವನು, ಒಮ್ಮೆ ಶಾಲೆಯ ಸ್ಮರಣಸಂಚಿಕೆಯಲ್ಲಿ ಲೇಖಕರ ಹೆಸರು ಕೆಳಗೆ ಹಾಕಿ, ಉದ್ಧರಣ ಚಿಹ್ನೆಗಳ ನಡುವೆ ಅಚ್ಚು ಹಾಕಿಸಿದವನು. ಹುಡುಕಾಟ ಮುಗಿದ ದಿನ ಕಾಡೂ ಮುಗಿಯುತ್ತದೆ: ಇದು ನನ್ನ ಸಾಲು. ಹೇಳಿದೆ. ಎಲ್ಲರೂ ತಲೆದೂಗಿದರು. ಆ ಮೇಲೆ ಮೇಜಿನ ಮೇಲಿದ್ದ ಪುಸ್ತಕವನ್ನು ತೆರೆದು ಪರೀಕ್ಷಕನ ಕೆಲಸಕ್ಕೆ ಕೈಹಚ್ಚಿದೆ.

ಯಾರ ಸಾಲೂ ಪದಶಃ ಹೊಂದಲಿಲ್ಲ. ಕೊನೆಯ ಅಧ್ಯಾಯದ ಐದು ಸಾಲುಗಳಲ್ಲಿ ಎರಡು ಹತ್ತಿರ ಬಂದವು, ಮೂರು ಬರಲಿಲ್ಲ. ಅಂಗನವಾಡಿಯ ಅಕ್ಕನ ಸುಂದರವಾದ ಸಾಲು ಅವರದೇ ಸಾಲು. ಎಣ್ಮಕಜೆಯ ಮಹಿಳೆಯ ಸಾಲನ್ನು ಮಂದಣ್ಣ ಬರುವ ಪುಟಗಳಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ. ನನ್ನದನ್ನು ಸಭೆಯ ಮುಂದೆ ಹುಡುಕಲು ಧೈರ್ಯ ಸಾಲದೆ, ಹೊತ್ತಾಯಿತೆಂಬ ನೆಪ ಹೇಳಿ, ಪುಸ್ತಕವನ್ನು ಮನೆಗೆ ಒಯ್ದು ಎರಡು ರಾತ್ರಿ ಕುಳಿತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಅದು ಎಲ್ಲಿಯೂ ಇಲ್ಲ.

ಇದರಿಂದ ನನಗಾದ ಮುಜುಗರವನ್ನು ಬೆಳೆಸುವುದಿಲ್ಲ. ಆದರೆ ಎರಡನೆಯ ರಾತ್ರಿ ಓದುತ್ತ ಓದುತ್ತ ಒಂದು ಸಂಗತಿ ಸ್ಪಷ್ಟವಾಯಿತು: ಅಂಥ ಸಾಲು ಅಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಈ ಕಾದಂಬರಿ ನುಣುಪಾದ ಮಾತುಗಳನ್ನು ಆಡುವುದಿಲ್ಲ. ಅದರ ಜನ ಜಗಳವಾಡುತ್ತಾರೆ, ಗೊಣಗುತ್ತಾರೆ, ಹಸಿವೆಯೆನ್ನುತ್ತಾರೆ, ನಾಯಿಯನ್ನು ಗದರುತ್ತಾರೆ, ಏನೋ ದೊಡ್ಡ ಮಾತು ಶುರುವಾಯಿತೆನ್ನುವಷ್ಟರಲ್ಲಿ ಯಾರೋ ನಡುವೆ ಬಾಯಿ ಹಾಕಿ ಅದನ್ನು ಕೆಡಿಸುತ್ತಾರೆ. ಗೋಡೆಗೆ ಅಂಟಿಸುವಂಥ ವಾಕ್ಯವನ್ನು ಅದರಿಂದ ಕಿತ್ತು ತೆಗೆಯಹೋದರೆ ಸುತ್ತಲಿನ ಮಣ್ಣು, ಬೇರು, ಸೊಪ್ಪುಸದೆಯೆಲ್ಲ ಜೊತೆಗೇ ಬರುತ್ತದೆ. ನಾವು ನೆನಪಿಟ್ಟುಕೊಳ್ಳುವುದು ಒಂದು ಸನ್ನಿವೇಶವನ್ನು. ಅದಕ್ಕೆ ತಕ್ಕ ಸಾಲೊಂದನ್ನು ನಮ್ಮ ಕೈಯಿಂದಲೇ ಹಾಕಿಕೊಂಡು, ಮರ್ಯಾದೆಗೆಂದು ಲೇಖಕರ ಹೆಸರು ಹೇಳುತ್ತೇವೆ. ಮೇಷ್ಟರಾದ ನಾನು ಮೇಷ್ಟರ ಸಾಲನ್ನು ಹಾಕಿದ್ದೆ, ಪರೀಕ್ಷೆಗೆ ಬರುವಂಥದ್ದನ್ನು. ಅಂದಿನ ಸಾಲುಗಳಲ್ಲಿ ಅತ್ಯಂತ ದುರ್ಬಲವಾದದ್ದು ಅದು ಎಂಬುದು ನನ್ನ ಅಭಿಪ್ರಾಯ, ಇದರಲ್ಲಿ ವಿನಯವಿಲ್ಲ.

ಕಾರ್ಯದರ್ಶಿಯವರು ಎಲ್ಲ ಸಾಲುಗಳನ್ನೂ ದೊಡ್ಡ ಹಾಳೆಯೊಂದರಲ್ಲಿ ಬರೆಸಿ ವಾಚನ ವಾರ ಮುಗಿಯುವವರೆಗೆ ಗೋಡೆಯಲ್ಲಿ ತೂಗುಹಾಕಬೇಕೆಂದಿದ್ದರು. ತಲೆಬರಹ ಏನಿರಬೇಕೆಂಬ ಚರ್ಚೆ ಎರಡು ದಿನ ನಡೆಯಿತು. ‘ಕರ್ವಾಲೊದ ಮರೆಯಲಾಗದ ಸಾಲುಗಳು’ ಎಂದು ಬರೆದರೆ ಸುಳ್ಳಾಗುತ್ತದೆ. ಲೇಖಕರು 2007ರಲ್ಲೇ ತೀರಿಕೊಂಡವರು, ತಮ್ಮ ಹೆಸರಿನಲ್ಲಿ ನಾವು ಏನು ಬರೆದರೂ ಬಂದು ಕೇಳಲಾರರು, ಆ ಕಾರಣಕ್ಕೇ ಬರೆಯಬಾರದು ಎಂದು ನಾನು ವಾದಿಸಿದೆ. ಕೊನೆಗೆ ‘ಕರ್ವಾಲೊ ಓದಿದವರ ಸಾಲುಗಳು’ ಎಂದಾಯಿತು. ನನ್ನ ಸಾಲನ್ನು ಬಿಡಿ ಎಂದು ಕೇಳಿಕೊಂಡೆ, ಬಿಡಲಿಲ್ಲ. ಕೊಯ್ಲಿನವರದು ಸಾಲೇ ಅಲ್ಲವೆಂಬ ಆಕ್ಷೇಪ ಬಂದಾಗ ಪ್ರಾಣಿಶಾಸ್ತ್ರದ ಅಧ್ಯಾಪಕರೇ ಪೆನ್ನು ತೆಗೆದುಕೊಂಡು, ಹೊಳೆ ದಾಟುವವರು ಮುಂಡಿನ ಅಂಚು ಹಿಡಿದಂತೆ ಅದು ರೆಕ್ಕೆಯ ಅಂಚು ಹಿಡಿದು ತೇಲುತ್ತದೆ ಎಂದು ತಮ್ಮ ಅಂದವಾದ ಅಕ್ಷರದಲ್ಲಿ ಬರೆದರು. ‘ಹಾರುತ್ತದೆ’ ಎಂದು ಬರೆಯಲು ಮಾತ್ರ ಅವರು ಒಪ್ಪಲಿಲ್ಲ.

ಪುಸ್ತಕವನ್ನು ನಾನು ಹಿಂದಿರುಗಿಸಿದ ದಿನವೇ ಕೊಯ್ಲಿನವರ ಮಗಳು ಅದನ್ನು ತನ್ನ ಕಾರ್ಡಿನಲ್ಲಿ ಒಯ್ದಳು. ಈ ಸಲ ಮೊದಲಿನಿಂದ ಓದಿ ಹೇಳಬೇಕೆಂದು ಅಪ್ಪನ ಬೇಡಿಕೆಯಂತೆ. ಎರಡು ವಾರದ ಗಡುವು ಕಳೆದು ಈಗ ಹತ್ತು ದಿನವಾಯಿತು. ಮೊನ್ನೆ ಬದಿಯಡ್ಕದ ಪೇಟೆಯಲ್ಲಿ ಮದ್ದಿಗೆ ಬೇಕಾದ ಮೈಲುತುತ್ತು ಕೊಳ್ಳುತ್ತಿದ್ದ ಅವರು ಸಿಕ್ಕಿದಾಗ ಎಲ್ಲಿಯವರೆಗೆ ಬಂತು ಎಂದು ಕೇಳಿದೆ. ದಿನಕ್ಕೆ ನಾಲ್ಕೈದು ಪುಟ, ಮದ್ದು ಬಿಟ್ಟು ಬಂದ ದಿನ ನಿದ್ದೆ ಬರುತ್ತದೆ, ಅಂದು ಇಲ್ಲ ಎಂದರು. ಜೇನಿನ ಭಾಗವನ್ನು ಎರಡು ಸಲ ಓದಿಸಿಕೊಂಡರಂತೆ. ಸರಿಯಾಗಿ ಬರೆದಿದ್ದಾರೆಯೇ ಎಂದು ಕೇಳಿದೆ. ಒಂದು ಕಡೆ ತಮಗೆ ಸಂಶಯವಿದೆ, ಪುಸ್ತಕ ಪೂರ್ತಿಯಾಗಲಿ, ಆಮೇಲೆ ಹೇಳುತ್ತೇನೆ ಎಂದು ತುತ್ತಿನ ಪೊಟ್ಟಣವನ್ನು ಸ್ಕೂಟರಿನ ಸೀಟಿನಡಿಯಲ್ಲಿ ಇಟ್ಟು ಹೊರಟರು.